ಅಪ್ಪನಿಗೆ ನಾನು ಹಚ್ಚಿದ ಕೆಮ್ಮು

ನಮ್ಮಪ್ಪನ ಎದೆಗೆ ಏನೂ ಆಗಿಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ. ಟಿವಿಯಲ್ಲಿ ನನ್ನನ್ನು ನೋಡಿದವರು ಇವತ್ತಿಗೂ ತರಕಾರಿ ಮಾರ್ಕೆಟ್ಟಿನಲ್ಲಿ ನಿಲ್ಲಿಸಿ, ದನಿ ತಗ್ಗಿಸಿ, ‘ಅಪ್ಪ ಹೆಂಗದಾರವ್ವಾ?’ ಎಂದು ಕೇಳುತ್ತಾರೆ. ಹಾಡಿನ ಸ್ಪರ್ಧೆಯಲ್ಲಿ ಕೊನೆಯ ಸುತ್ತಿನ ತನಕ ಹೋದ ಹೊಸಪೇಟೆಯ ಹುಡುಗನೊಬ್ಬ ಇದ್ದನಲ್ಲ, ‘ಧೂಳಿನ ಕೋಗಿಲೆ’ ಎಂದು ಹೆಸರಿಟ್ಟಿದ್ದರಲ್ಲ, ಅವನ ಅಕ್ಕ ನಾನು. ಹಸಿರು ಸೀರೆ ಉಟ್ಟು ಅತ್ತವಳು. ಅತ್ತದ್ದು ನಿಜ. ಹೇಳಿದ್ದು ಸುಳ್ಳು.

ಅಪ್ಪ ಮದುವೆ ಬ್ಯಾಂಡಿನವರು. ಕೆಂಪು ಕೋಟು, ಭುಜದ ಮೇಲೆ ಜರಿಯ ಜೂಲು, ಕೈಯಲ್ಲಿ ಕ್ಲಾರಿಯೋನೆಟ್. ಹೊಸಪೇಟೆ, ಕಂಪ್ಲಿ, ಸಂಡೂರು, ಈ ಮೂರು ಊರಿನ ನಡುವೆ ಅವರ ಊದುವಿಕೆ ಕೇಳದೆ ಮದುವೆಯಾದ ಗಂಡು ಕಡಿಮೆ. ಒಂದು ಸ್ವರ ಹಿಡಿದರೆಂದರೆ ಓಣಿಯ ಮೂಲೆಯಿಂದ ಚಪ್ಪರದ ತನಕ ಬಿಡುತ್ತಿರಲಿಲ್ಲ. ಬೀಗರು ಅವರ ಕೆನ್ನೆ ನೋಡುತ್ತಾ ನಿಂತುಬಿಡುತ್ತಿದ್ದರು, ಮದುಮಗ ಹಿಂದೆ ಉಳಿಯುತ್ತಿದ್ದ. ಬ್ಯಾಂಡಿನ ಎಲ್ಲರ ಕೋಟು ಹೊಲಿಯುವುದು, ಹರಿದರೆ ತೇಪೆ ಹಾಕುವುದು, ಹೊಟ್ಟೆ ಬಂದವರಿಗೆ ಗುಂಡಿ ಸರಿಸಿ ಕೊಡುವುದು ನನ್ನ ಕೆಲಸ. ನಾನು ಮದುವೆಯಾಗಿ ಎರಡು ಓಣಿ ಆಚೆ ಇದ್ದೇನೆ, ಆದರೆ ನನ್ನ ಹೊಲಿಗೆ ಯಂತ್ರ ಇನ್ನೂ ತವರುಮನೆಯ ಪಡಸಾಲೆಯಲ್ಲೇ ಇದೆ. ಯಂತ್ರ ಎಲ್ಲಿದೆಯೋ ಹಗಲು ನಾನೂ ಅಲ್ಲೇ.

ಹಾಗಾಗಿ ತಮ್ಮ ಹಾಡು ಕಲಿತದ್ದನ್ನು ನನ್ನಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿಲ್ಲ. ಅಪ್ಪ ಒಂದು ಸಾಲು ಊದುತ್ತಿದ್ದರು, ಅವನು ಅದನ್ನೇ ಬಾಯಲ್ಲಿ ಹೇಳಬೇಕಿತ್ತು. ತಪ್ಪಿದರೆ ಅಪ್ಪ ಬೈಯುತ್ತಿರಲಿಲ್ಲ. ಮತ್ತೆ ಅದೇ ಸಾಲು ಊದುತ್ತಿದ್ದರು, ಹತ್ತು ಸಲವಾದರೂ ಸರಿ. ಆಮೇಲೆ ಅವನನ್ನು ಕಾಲುವೆ ದಂಡೆಗೆ ಕರೆದುಕೊಂಡು ಹೋಗಿ ನಡೆಯುತ್ತಾ ಹಾಡಿಸುತ್ತಿದ್ದರು. ಬ್ಯಾಂಡಿನವರು ನಿಂತು ಬಾರಿಸುವುದಿಲ್ಲ, ನಡೆಯುತ್ತಲೇ ಬಾರಿಸಬೇಕು. ಕಾಲಿಗೆ ಕಲ್ಲು ತಾಗಿದರೂ ಉಸಿರು ಒಡೆಯಬಾರದು, ಎದುರಿಗೆ ಎಮ್ಮೆ ಬಂದರೂ ಸಾಲು ಮುಗಿಸಿಯೇ ಸರಿಯಬೇಕು ಎಂದು ಅವರ ಲೆಕ್ಕ. ತಮ್ಮ ಎರಡು ಸಲ ಕಾಲುವೆಗೆ ಬಿದ್ದಿದ್ದಾನೆ. ಎರಡನೆಯ ಸಲ ಬೀಳುವಾಗಲೂ ಸಾಲು ಬಿಟ್ಟಿರಲಿಲ್ಲ ಎಂದು ಅಪ್ಪ ಇಡೀ ಓಣಿಗೆ ಹೇಳಿಕೊಂಡು ಬಂದಿದ್ದರು.

ಸ್ಪರ್ಧೆಗೆ ಆಯ್ಕೆಯಾದಾಗ ಅಲ್ಲಿನ ತೀರ್ಪುಗಾರರು, ‘ಈ ಉಸಿರು ಎಲ್ಲಿಂದ ಬಂತು?’ ಎಂದು ಬೆರಗಾದರಂತೆ. ಎಲ್ಲಿಂದ ಬಂತು ಎಂದು ನೋಡಲು ಮುಂದಿನ ವಾರವೇ ಬೆಂಗಳೂರಿನಿಂದ ಒಂದು ಗಾಡಿ ತುಂಬ ಜನ ಬಂದರು.

ಅವರಲ್ಲಿ ಕ್ಯಾಮೆರಾದವರು, ಮೈಕಿನವರು, ಮತ್ತು ಕಥೆ ಬರೆಯುವ ಒಬ್ಬ ಹುಡುಗಿ. ಹಾಡುವವರಿಗೆ ಕಥೆ ಯಾಕೆ ಎಂದು ನಮ್ಮವ್ವ ಕೇಳಿದ್ದಕ್ಕೆ ಆ ಹುಡುಗಿ ನಕ್ಕು, ‘ಹಾಡು ಎಲ್ರೂ ಹಾಡ್ತಾರೆ ಆಂಟಿ, ವೋಟು ಬೀಳೋದು ಕಥೆಗೆ’ ಎಂದಳು. ಒಳ್ಳೆಯ ಹುಡುಗಿಯೇ. ಅಂದು ಬೆಳಗಿನಿಂದ ಏನೂ ತಿಂದಿರಲಿಲ್ಲ, ಅವ್ವ ಮಾಡಿದ ಮಂಡಾಳು ಒಗ್ಗರಣೆ ಎರಡು ತಟ್ಟೆ ತಿಂದಳು.

ಅಪ್ಪ ಆಗಲೇ ಕೆಂಪು ಕೋಟು ಹಾಕಿಕೊಂಡು ಸಿದ್ಧವಾಗಿದ್ದರು. ನಾನು ಹಿಂದಿನ ದಿನವೇ ಅದಕ್ಕೆ ಹೊಸ ಜೂಲು ಹೊಲಿದಿದ್ದೆ. ಹುಡುಗಿ ಅವರನ್ನು ನೋಡಿ ತಟ್ಟೆ ಕೆಳಗಿಟ್ಟಳು.

‘ಅಯ್ಯೋ ಅಂಕಲ್, ಬ್ಯಾಂಡಾ?’

‘ಹೌದ್ರೀ ಮೇಡಂ. ಮೂವತ್ತು ವರ್ಷಾತು.’

‘ಬ್ಯಾಂಡ್ ಅಪ್ಪ ಆಗ್ಲೇ ಒಬ್ರು ಇದಾರೆ ಅಂಕಲ್. ಮೈಸೂರು ಕಡೆ ಹುಡುಗಿಗೆ. ಹೋದ ವಾರ ಶೂಟ್ ಆಯ್ತು. ಎರಡೆರಡು ಬ್ಯಾಂಡ್ ಅಪ್ಪ ಆಗಲ್ಲ.’

ಅಪ್ಪ ತಮ್ಮ ಕೋಟನ್ನು ಒಮ್ಮೆ ನೋಡಿಕೊಂಡರು, ಯಾರದೋ ಕೋಟು ತಪ್ಪಿ ಹಾಕಿಕೊಂಡಿರುವವರಂತೆ. ಆಮೇಲೆ ಒಳಗೆ ಹೋಗಿ ತೆಗೆದಿಟ್ಟು, ಬರೀ ಅಂಗಿಯಲ್ಲಿ ಬಂದು ಕೂತರು.

ಹುಡುಗಿ ಪುಸ್ತಕ ತೆರೆದು, ‘ಬೇರೆ ಏನಾದ್ರೂ ಕಷ್ಟ ಇದ್ಯಾ ಮನೇಲಿ?’ ಎಂದು ಕೇಳಿದಳು.

‘ಕಷ್ಟಕ್ಕ ಏನ್ ಕಮ್ಮಿ?’ ಎಂದಳು ಅವ್ವ. ‘ಮುಂಜಾನಿ ಗ್ಯಾಸ್ ಮುಗದೈತಿ. ನೀವು ತಿಂದಿದ್ದು ಬಾಜೂ ಮನಿ ಒಲಿ ಮ್ಯಾಲೆ ಮಾಡಿದ್ದು.’

ಅದನ್ನು ಹುಡುಗಿ ಬರೆದುಕೊಳ್ಳಲಿಲ್ಲ. ಕೆದಕಿ ಕೆದಕಿ ಕೇಳಿದ ಮೇಲೆ, ಅಪ್ಪ ಹುಡುಗರಾಗಿದ್ದಾಗ ಒಂದು ಬೇಸಿಗೆ ಸಂಡೂರಿನಲ್ಲಿ ಅದಿರು ತುಂಬುವ ಕೂಲಿಗೆ ಹೋಗಿದ್ದರು, ಮೂರೇ ತಿಂಗಳಿಗೆ ಓಡಿ ಬಂದು ಬ್ಯಾಂಡ್ ಸೇರಿದರು ಎಂಬುದು ಹೊರಗೆ ಬಂತು. ಹುಡುಗಿಯ ಕಣ್ಣು ಅರಳಿದವು. ‘ಮೈನ್ಸ್!’ ಎಂದು ಕ್ಯಾಮೆರಾದವನ ಕಡೆ ನೋಡಿದಳು. ಆ ಮೂರು ತಿಂಗಳು ಎಳೆದೆಳೆದು ಮೂವತ್ತು ವರ್ಷವಾದದ್ದು ಹೀಗೆ. ಬ್ಯಾಂಡಿನ ಮೂವತ್ತು ವರ್ಷ ಎಲ್ಲಿ ಹೋಯಿತೋ ಗೊತ್ತಿಲ್ಲ.

ನಮ್ಮ ಮನೆಗೆ ಟೈಲ್ಸ್ ಹಾಕಿಸಿದ್ದೇವೆ, ಕೂಲರ್ ಇದೆ. ಅದು ಬೇಡವೆಂದು ಹಿತ್ತಲಿನಾಚೆ ಪಕ್ಕದವರು ಸೌದೆ ಒಟ್ಟುವ ತಗಡಿನ ಶೆಡ್ಡನ್ನು ನಮ್ಮ ಮನೆ ಮಾಡಿದರು. ಸೌದೆ ತೆಗೆದು ಹೊರಗಿಟ್ಟು ಅವ್ವನನ್ನು ಒಳಗೆ ಕೂರಿಸಿದರು. ಚೇಳು ಇರುತ್ತದೆಂದು ಅವ್ವ ಕಾಲು ಎತ್ತಿಕೊಂಡೇ ಕೂತಳು. ಟಿವಿಯಲ್ಲಿ ಅದು, ಪಾಪ, ಜಾಗ ಸಾಲದೆ ಮುದುರಿಕೊಂಡ ಹಾಗೆ ಕಂಡಿತು.

ಮರುದಿನ ಬೆಳಕು ಹರಿಯುವಾಗ ತಮ್ಮನನ್ನು ಹಂಪಿಗೆ ಕರೆದೊಯ್ದು ಬಂಡೆಯ ಮೇಲೆ ನಿಲ್ಲಿಸಿ ಹಾಡಿಸಿದರು. ಅವನ ಕೈಗಡಿಯಾರ ಬಿಚ್ಚಿಸಿ, ಇಸ್ತ್ರಿ ಮಾಡಿದ ಅಂಗಿಯನ್ನು ಕೈಯಲ್ಲಿ ಹಿಸುಕಿ ಸುಕ್ಕು ಮಾಡಿ ಹಾಕಿಸಿದರು. ಆ ಅಂಗಿ ನಾನು ಹೊಲಿದದ್ದು, ಕಾಲರ್ ಅಷ್ಟು ಚೆಂದ ಕೂತಿತ್ತು. ‘ದಿನಾಲೂ ಇಲ್ಲೇ ಪ್ರಾಕ್ಟೀಸ್ ಮಾಡ್ತಿದ್ದೆ, ಈ ಕಲ್ಲುಗಳೇ ನನ್ನ ಶ್ರೋತೃಗಳು’ ಎಂದು ಅವನ ಬಾಯಲ್ಲಿ ಹೇಳಿಸಿದರು. ನಾವು ಹಂಪಿಗೆ ಹೋಗುವುದು ಹೊರ ಊರಿನ ನೆಂಟರು ಬಂದು ಹಟ ಹಿಡಿದಾಗ ಮಾತ್ರ. ‘ಶ್ರೋತೃ’ ಎನ್ನಲು ಬಾರದೆ ಅವನು ನಾಲ್ಕು ಸಲ ಎಡವಿದ. ಕಾಲುವೆಗೆ ಬಿದ್ದಾಗಲೂ ಅಷ್ಟು ಕಷ್ಟಪಟ್ಟಿರಲಿಲ್ಲ.

ತಮ್ಮನನ್ನು ಅಲ್ಲಿಂದಲೇ ಬೆಂಗಳೂರಿಗೆ ಕಳಿಸಿ, ನಮ್ಮನ್ನು ಸಂಡೂರಿಗೆ ಕರೆದೊಯ್ದರು. ಗಣಿಯ ಒಳಗೆ ಯಾರು ಬಿಡುತ್ತಾರೆ? ರಸ್ತೆ ಬದಿ ಲಾರಿಗಳು ನಿಲ್ಲುವ ಕಡೆ ಅದಿರು ಚೆಲ್ಲಿದ ಒಂದು ಗುಡ್ಡೆ ಕಂಡಿತು. ಅಪ್ಪನ ಬನಿಯನ್ನಿಗೆ, ಮುಖಕ್ಕೆ ಕೆಂಪು ಧೂಳು ಬಳಿದು, ತಲೆಯ ಮೇಲೊಂದು ಬುಟ್ಟಿ ಇಟ್ಟು ನಿಲ್ಲಿಸಿದರು. ಬುಟ್ಟಿ ಅಲ್ಲೇ ಟೊಮೇಟೊ ಮಾರುವವಳದು. ಆ ಗುಡ್ಡೆ ನೋಡಿದರೆ ಮ್ಯಾಂಗನೀಸಿನದು, ಇದ್ದಿಲಿನಷ್ಟು ಕಪ್ಪು. ಕಪ್ಪು ಗುಡ್ಡೆಯ ಮುಂದೆ ಅಪ್ಪ ಕೆಂಪಗೆ ನಿಂತಿದ್ದರು. ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರುಗಳು ಲೋಟ ಹಿಡಿದು ಹತ್ತಿರ ಬಂದರು.

‘ಏನ್ರೀ ಹಿರೇರ, ಓಕುಳಿ ಆಡಿ ಬಂದ್ರೇನು?’

‘ಲೇ, ಟೊಮೇಟೊ ಬುಟ್ಟ್ಯಾಗ ಅದಿರು ಯಾರ್ ಹೊರ್ತಾರಲೇ? ಜೆಸಿಬಿ ಬಂದು ಎಷ್ಟ್ ಕಾಲ ಆತು!’

ಹುಡುಗಿ ಅವರನ್ನು ಕೈಮುಗಿದು ಆಚೆ ಕಳಿಸಿದಳು. ಅಪ್ಪ ಬುಟ್ಟಿಯ ಕೆಳಗಿನಿಂದಲೇ ನನ್ನನ್ನು ನೋಡಿ ನಕ್ಕರು. ಮಗನಿಗಾಗಿ ಏನು ಬೇಕಾದರೂ ಹೊರುತ್ತೇನೆ, ಇದರಲ್ಲಿ ಅದಿರೂ ಇಲ್ಲವಲ್ಲ ಎಂಬ ಹಾಗೆ.

ಇಲ್ಲಿಯ ತನಕ ಆದದ್ದಕ್ಕೆಲ್ಲ ನಾನು ಅವರನ್ನು ಬೈಯಬಹುದು. ಇನ್ನು ಮುಂದಿನದಕ್ಕೆ ಬೈಯಲಾರೆ.

ಊರಿಗೆ ವಾಪಸು ಬಂದು ನನ್ನ ಮಾತು ತೆಗೆದುಕೊಳ್ಳುವುದಿತ್ತು. ಆ ತಗಡಿನ ಶೆಡ್ಡಿನ ಬಾಗಿಲಲ್ಲಿ ನನ್ನನ್ನು ಕೂರಿಸಿದರು. ಮುಖದ ಮೇಲೆ ಬೆಳಕು ಸಾಲದೆಂದು ಕ್ಯಾಮೆರಾದವನು ಒಂದು ದೊಡ್ಡ ಬಿಳಿ ಥರ್ಮಾಕೋಲ್ ಹಾಳೆ ತಂದು, ಬಿಸಿಲು ನನ್ನ ಮುಖಕ್ಕೆ ಬೀಳುವಂತೆ ಯಾರಾದರೂ ಹಿಡಿಯಬೇಕೆಂದ. ಸುಮ್ಮನೆ ನಿಂತಿದ್ದವರು ಅಪ್ಪ. ಅವರೇ ಹಿಡಿದರು.

ಹುಡುಗಿ ತನ್ನ ಪುಸ್ತಕದಲ್ಲಿ ಬೆರಳಿಟ್ಟು, ‘ಅಪ್ಪ ಲೋಡರ್, ಮಗ ಸಿಂಗರ್. ಮಧ್ಯದಲ್ಲಿ ಏನೋ ಒಂದು ಕೊಂಡಿ ಬೇಕಿತ್ತು ಅಕ್ಕ. ನಿಮ್ಮ ಮಾತಲ್ಲೇ ಏನಾದ್ರೂ ಹೇಳಿ’ ಎಂದಳು. ಅಷ್ಟೇ ಅಂದದ್ದು. ಇಂಥದ್ದು ಹೇಳಿ ಎಂದು ಅವಳು ಹೇಳಿಕೊಡಲಿಲ್ಲ.

ನಾನು ಶಾಲೆಯಲ್ಲಿ ಓದಿದ್ದು ಏಳು ವರ್ಷ. ಹೊಲಿಗೆ ಯಂತ್ರದ ಎದುರು ಟಿವಿ ಹಾಕಿಕೊಂಡು ಧಾರಾವಾಹಿ ನೋಡಿದ್ದು ಹದಿನೈದು ವರ್ಷ. ಹೆಚ್ಚು ಕಲಿತದ್ದು ಎಲ್ಲಿ ಎಂದು ಅವತ್ತು ಗೊತ್ತಾಯಿತು. ಕ್ಯಾಮೆರಾದ ಕೆಂಪು ದೀಪ ಹತ್ತಿದ್ದೇ ತಡ, ನನ್ನ ಬಾಯಿ ತಾನಾಗಿ ಹೊರಟಿತು.

‘ಆ ಧೂಳು ಕುಡದು ಕುಡದು ನಮ್ಮಪ್ಪನ ಎದಿ ಹೋತ್ರೀ. ಡಾಕ್ಟರು ಕೈ ಬಿಟ್ಟಾರ. ನಾಕು ಹೆಜ್ಜಿ ನಡದ್ರ ಏದುಸಿರು. ತನಗಿಲ್ಲದ ಉಸಿರು ನಮ್ಮಪ್ಪ ಮಗಗ ಕೊಟ್ಟಾನ್ರೀ.’

ಹುಡುಗಿಯ ಕೈಯಿಂದ ಪೆನ್ನು ಜಾರಿತು. ಆ ಕೊನೆಯ ಸಾಲು ಹೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ, ಒಳ್ಳೆಯ ಕಾಲರ್ ಕೂರಿಸಿದಾಗಲೂ ಅಷ್ಟು ಆಗಿರಲಿಲ್ಲ.

‘ತಮ್ಮ ಸಂಗೀತ ಯಾರ ಹತ್ರ ಕಲಿತ ಅಕ್ಕ?’

‘ಯಾರ ಹತ್ರಾನೂ ಇಲ್ರೀ. ನಮ್ಮ ಮನ್ಯಾಗ ಯಾರಿಗೂ ಸರಿಗಮ ಗೊತ್ತಿಲ್ಲ.’

ಅಷ್ಟು ಹೇಳಿ ತಲೆ ಎತ್ತಿದೆ. ಎದುರಿಗೆ ಥರ್ಮಾಕೋಲ್ ಹಾಳೆಯ ಮೇಲಂಚಿನಲ್ಲಿ ಅಪ್ಪನ ಕಣ್ಣು ಮಾತ್ರ ಕಾಣುತ್ತಿದ್ದವು. ಬೆಳಕು ನನ್ನ ಮುಖದಿಂದ ಜಾರಿ ಕುತ್ತಿಗೆಗೆ ಇಳಿಯಿತು. ಕ್ಯಾಮೆರಾದವನು, ‘ಅಂಕಲ್, ಸ್ವಲ್ಪ ಮೇಲೆ’ ಎಂದ. ಅಪ್ಪ ಹಾಳೆಯನ್ನು ಮೇಲೆತ್ತಿದರು. ಬೆಳಕು ಮತ್ತೆ ನನ್ನ ಮುಖಕ್ಕೆ ಸರಿಯಾಗಿ ಬಿತ್ತು. ಆಗ ನನಗೆ ಅಳು ಬಂತು. ನೀವು ನೋಡಿದ್ದು ಅದೇ ಅಳು.

‘ಸೂಪರ್ ಅಕ್ಕಾ!’ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ಹಾಳೆಯನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ‘ಎಲ್ಲಾರೂ ಊಟ ಮಾಡಿ ಹೋಗ್ರಿ’ ಎಂದರು.

ಅದು ಪ್ರಸಾರವಾದ ದಿನ ಇಡೀ ಓಣಿ ನಮ್ಮ ಪಡಸಾಲೆಯಲ್ಲಿತ್ತು. ನಮ್ಮನ್ನು ದಿನಾ ನೋಡುವವರು, ಅಪ್ಪನ ಕ್ಲಾರಿಯೋನೆಟ್ಟಿಗೆ ಬೆಳಗಿನ ನಿದ್ದೆ ಕಳೆದುಕೊಂಡು ಜಗಳಾಡಿದವರು. ಅವರೂ ಟಿವಿಯ ಮುಂದೆ ಮೂಗು ಒರೆಸಿಕೊಂಡರು. ‘ಇಷ್ಟ್ ದಿನ ನಮಗ ಹೇಳೇ ಇಲ್ಲಲ್ರೀ’ ಎಂದು ಪಕ್ಕದ ಮನೆಯಾಕೆ ಅವ್ವನ ಕೈ ಹಿಡಿದುಕೊಂಡಳು. ‘ನನಗೂ ಈಗ ಗೊತ್ತಾತು’ ಎಂದಳು ಅವ್ವ. ಅಷ್ಟರಲ್ಲಿ ಅಪ್ಪ ಒಳಗೆ ಹೋಗಿ ನೀರು ಕುಡಿಯುವಾಗ ನೆತ್ತಿಗೇರಿ ಕೆಮ್ಮಿದರು. ಪಡಸಾಲೆ ಪೂರ್ತಿ ‘ಅಯ್ಯೋ’ ಎಂದಿತು. ಮೂವರು ಎದ್ದು ಓಡಿದರು. ಒಬ್ಬ ಆಟೋ ಚಾಲೂ ಮಾಡಿದ.

ಬೆಂಗಳೂರಿನ ವೇದಿಕೆಯ ಮೇಲೆ ಇದಕ್ಕಿಂತ ದೊಡ್ಡದು ನಡೆದಿತ್ತು. ಆ ಚಿತ್ರವನ್ನು ತಮ್ಮನಿಗೆ ಮೊದಲೇ ತೋರಿಸಿರಲಿಲ್ಲ. ಅವನು ಎಲ್ಲರ ಎದುರು ನೋಡಿದ, ನೋಡಿದ್ದನ್ನು ನಂಬಿದ, ಮಂಡಿಯೂರಿ ಅತ್ತ. ಅಲ್ಲಿ ಅವರ ಫೋನು ತೆಗೆದಿಟ್ಟು ಭಾನುವಾರ ಮಾತ್ರ ಕೊಡುತ್ತಿದ್ದರು. ಭಾನುವಾರ ಫೋನು ಬಂತು.

‘ಅಕ್ಕಾ, ಅಪ್ಪಗ ಯಾವಾಗಿನಿಂದ ಹಿಂಗಾಗೈತಿ? ನನಗ್ಯಾಕ ಮುಚ್ಚಿಟ್ರಿ?’

‘ಏನೂ ಆಗಿಲ್ಲೋ. ನಾ ಸುಮ್ನ ಹೇಳಿದೆ.’

‘ನಾ ಅಲ್ಲಿ ಅತ್ತೆನಲ್ಲ ಅಕ್ಕಾ. ಕರ್ನಾಟಕ ಎಲ್ಲಾ ನೋಡೈತಿ. ಈಗ ಸುಳ್ಳು ಅಂದ್ರ ನಂದೂ ನಾಟಕ ಅಂತಾರ.’

ಅಪ್ಪ ನನ್ನ ಕೈಯಿಂದ ಫೋನು ತೆಗೆದುಕೊಂಡರು. ‘ನೀ ಹಾಡೋದು ನೋಡ್ಕೋ. ಸ್ಪರ್ಧೆ ಮುಗಿಯೋ ತನ ನಾ ಕೆಮ್ತೀನಿ, ಅದೇನ್ ದೊಡ್ಡ ಕೆಲಸ?’ ಎಂದರು.

ಕೆಮ್ಮಿದರು ಕೂಡ. ಮೊದಮೊದಲು ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಅಷ್ಟು ಉಸಿರಿರುವ ಎದೆಗೆ ಕ್ಷೀಣವಾಗಿ ಕೆಮ್ಮುವುದು ಸುಲಭವಲ್ಲ. ಅವರು ಕೆಮ್ಮಿದರೆ ಗಿಡದ ಮೇಲಿನ ಕಾಗೆ ಹಾರುತ್ತಿದ್ದವು. ‘ಸಣ್ಣಗ ಕೆಮ್ಮ್ರೀ, ವೋಟು ಬೀಳ್ಬೇಕು’ ಎಂದು ಅವ್ವ ಒಳಗಿನಿಂದ ಕೂಗುತ್ತಿದ್ದಳು. ನೋಡಲು ಬರುವವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಶುಂಠಿ ಕಷಾಯ ಬಂತು, ಆಡುಸೋಗೆ ಸೊಪ್ಪು ಬಂತು. ಬಂಡ್ರಿಯಿಂದ ಒಬ್ಬರು ಎರಡು ಬಸ್ಸು ಬದಲಿಸಿ ಬೇರಿನ ಔಷಧಿ ತಂದು, ಅಪ್ಪ ಕುಡಿಯುವ ತನಕ ಎದುರಿಗೇ ಕೂತರು. ಕುಡಿದ ಮೇಲೆ ಅಪ್ಪನಿಗೆ ನಿಜವಾಗಿಯೂ ಎರಡು ದಿನ ಆರಾಮಿರಲಿಲ್ಲ. ಯೋಗ ಹೇಳಿಕೊಡುವವರೊಬ್ಬರು ಪುಕ್ಕಟೆ ಪ್ರಾಣಾಯಾಮ ಕಲಿಸಲು ಬಂದು, ‘ಉಸಿರು ಹಿಡೀರಿ, ಸಾಧ್ಯ ಆದಷ್ಟು’ ಎಂದು ತಾವೂ ಹಿಡಿದರು. ಅವರು ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟರು. ಅಪ್ಪ ಇನ್ನೂ ಮೊದಲನೆಯದನ್ನೇ ಹಿಡಿದು ಕೂತಿದ್ದರು. ಅವರು ಗಾಬರಿಯಾಗಿ ಅಪ್ಪನ ಬೆನ್ನು ತಟ್ಟಿದರು.

ನಾವು ನಕ್ಕೆವು. ಬ್ಯಾಂಡಿನ ಯಜಮಾನರು ಬರುವ ತನಕ ನಗುತ್ತಲೇ ಇದ್ದೆವು.

ಮಾಸ್ತರ್ ಎಂದು ನಾವು ಕರೆಯುವ ಅವರು ಅಪ್ಪನ ಜೊತೆಯವರು, ಎಲ್ಲ ಗೊತ್ತಿರುವವರು. ಚಹಾ ಕುಡಿಯದೆ ಲೋಟ ತಿರುಗಿಸುತ್ತಾ ಕೂತರು. ‘ಕಂಪ್ಲಿ ಮಿಲ್ಲಿನವ್ರು ಫೋನ್ ಮಾಡಿದ್ರಪ್ಪ. ಮಗನ ಮದುವಿಗೆ ಬ್ಯಾಂಡ್ ನಮ್ದ ಬೇಕಂತ. ಆದ್ರ ನೀ ಬ್ಯಾಡಂತ.’

‘ಯಾಕಂತ?’

‘ಪಾಪ, ಜೀವ ಹಿಡ್ಕೊಂಡು ಊದೋರನ್ನ ಕರೆಸಿ ಊದಿಸಿದ್ರ ಮದುವಿ ಮನಿಗೆ ಒಳ್ಳೇದಲ್ಲ ಅಂತ ಅವ್ರಮ್ಮ ಹೇಳ್ಯಾರ. ಉಳಿದ ಕಡೆಯವ್ರೂ ಹಂಗ ಅಂತಾರ.’

‘ಸುಳ್ಳು ಅಂತ ಹೇಳ್ಬೇಕಿತ್ತಲ್ಲೋ ನೀನು!’ ಎಂದಳು ಅವ್ವ.

‘ಹೇಳಿದೆ ಅಕ್ಕಾರ. ಟಿವ್ಯಾಗ ಮಗಳ ಹೇಳ್ಯಾಳ, ನಿನ್ ಮಾತು ಹೆಂಗ್ ನಂಬೋದು ಅಂದ್ರು.’ ಮಾಸ್ತರ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಆ ಮದುವೆಗಳ ಕಾಲದಲ್ಲಿ ಅಪ್ಪ ಒಂದೇ ಕಡೆ ಹೋದರು, ಗಾದಿಗನೂರಿಗೆ. ಮನೆಯಲ್ಲಿ ಕೂತು ಬೇಸರವಾಗುತ್ತದೆ, ಬರೀ ಗಿಲಕಿ ಅಲ್ಲಾಡಿಸು ಎಂದು ಮಾಸ್ತರ್ ಕರೆದುಕೊಂಡು ಹೋಗಿದ್ದರು. ಒಬ್ಬರ ಕೋಟಿನ ಗುಂಡಿ ಕಿತ್ತು ಬಂತೆಂದು ನಾನೂ ಹೋಗಿದ್ದೆ. ಮೆರವಣಿಗೆಯಲ್ಲಿ ಹೊಸ ಹುಡುಗನೊಬ್ಬ ಮುಂದೆ ಕ್ಲಾರಿಯೋನೆಟ್ ಊದುತ್ತಿದ್ದ. ಸಾಲಿನ ನಡುವೆ ಎರಡು ಕಡೆ ಉಸಿರು ಒಡೆಯುತ್ತಿತ್ತು. ಎಲ್ಲರಿಗಿಂತ ಹಿಂದೆ ಅಪ್ಪ, ಕೆಂಪು ಕೋಟು, ಎರಡೂ ಕೈಯಲ್ಲಿ ಮಕ್ಕಳ ಆಟಿಕೆಯಂಥ ಗಿಲಕಿ. ಆ ಹುಡುಗ ಉಸಿರು ಒಡೆದಾಗಲೆಲ್ಲ ಅಪ್ಪನ ಕೆನ್ನೆ ತಾನಾಗಿ ಉಬ್ಬಿ ಇಳಿಯುತ್ತಿತ್ತು. ಒಬ್ಬ ಮುದುಕಿ ಅವರಿಗೆ ನಡೆಯಲಾಗುವುದಿಲ್ಲವೆಂದು ಮನೆಯಿಂದ ಕುರ್ಚಿ ತಂದು ಹಾಕಿದಳು. ಅಪ್ಪ ಅವಳಿಗೆ ಬೇಸರವಾಗದಿರಲೆಂದು ಎರಡು ನಿಮಿಷ ಕೂತರು. ಮೆರವಣಿಗೆ ಅವರನ್ನು ಬಿಟ್ಟು ಮುಂದೆ ಹೋಯಿತು.

ನಾನು ಗುಂಡಿ ಹೊಲಿಯುವ ಸೂಜಿಯನ್ನು ಬೆರಳಿಗೆ ಚುಚ್ಚಿಕೊಂಡೆ. ಹೊಲಿಗೆಯವಳಾಗಿ ಹದಿನೈದು ವರ್ಷದಲ್ಲಿ ಒಮ್ಮೆಯೂ ಚುಚ್ಚಿಕೊಂಡಿರಲಿಲ್ಲ.

ಸ್ಪರ್ಧೆ ಮುಗಿಯಿತು. ತಮ್ಮ ಗೆಲ್ಲಲಿಲ್ಲ. ಗೆದ್ದದ್ದು ಮೈಸೂರು ಕಡೆಯ ಹುಡುಗಿ, ಬ್ಯಾಂಡ್ ಅಪ್ಪನ ಮಗಳು. ಅವಳ ಅಪ್ಪ ಕೋಟು ಹಾಕಿಕೊಂಡು ವೇದಿಕೆಗೆ ಬಂದು ಊದಿದರು. ನಮ್ಮಪ್ಪ ಟಿವಿಗೆ ಹತ್ತಿರ ಹೋಗಿ ಅವರ ಬೆರಳು ನೋಡಿದರು. ‘ಚಲೋ ಊದ್ತಾನ. ಬ್ಯಾಂಡಿನವ್ರಿಗೆ ಬಂತಲ್ಲ, ಬಿಡು’ ಎಂದರು. ಅವ್ವ ಮಾತ್ರ ಆ ಹೊತ್ತು ತಮಾಷೆ ಮಾಡಲಿಲ್ಲ.

ತಮ್ಮನಿಗೆ ಹಾಡುವ ಕಾರ್ಯಕ್ರಮಗಳು ಬರತೊಡಗಿದವು. ಕರೆದ ಕಡೆಯೆಲ್ಲ ಧೂಳಿನ ಕೋಗಿಲೆ ಎಂದೇ ಬ್ಯಾನರು. ನಿಜ ಹೇಳುವವಳು ನಾನೇ ಆಗಬೇಕು ಎಂದು ಗೊತ್ತಿತ್ತು, ಎಲ್ಲಿ ಹೇಳುವುದೋ ಗೊತ್ತಿರಲಿಲ್ಲ. ಅಷ್ಟರಲ್ಲಿ ಇಲ್ಲಿನ ಒಂದು ಪತ್ರಿಕೆಯ ವರದಿಗಾರ ಮನೆಗೆ ಬಂದ. ಒಳ್ಳೆಯದೇ ಆಯಿತೆಂದು ಕೂರಿಸಿ ಎಲ್ಲ ಹೇಳಿದೆ. ಅಪ್ಪನಿಗೆ ರೋಗವಿಲ್ಲ, ಅಪ್ಪನೇ ಗುರು, ನಾನು ಸುಳ್ಳು ಹೇಳಿದೆ. ಅವನು ತಲೆ ಆಡಿಸುತ್ತಾ ಬರೆದುಕೊಂಡ. ಹೋಗುವಾಗ ಕಣ್ಣೊರೆಸಿಕೊಂಡದ್ದು ಯಾಕೆಂದು ಮರುದಿನ ತಿಳಿಯಿತು.

ತಲೆಬರಹ ಹೀಗಿತ್ತು: ‘ಅಪ್ಪನಿಗೆ ಏನೂ ಆಗಿಲ್ಲ: ನೋವು ನುಂಗಿ ನಗುವ ಅಕ್ಕ’. ಸ್ವಾಭಿಮಾನಿ ಕುಟುಂಬವು ಈಗ ಯಾರ ಅನುಕಂಪವನ್ನೂ ಬಯಸುವುದಿಲ್ಲ, ಹಾಗಾಗಿ ತಂದೆಯ ಕಾಯಿಲೆಯನ್ನೇ ಅಲ್ಲಗಳೆಯುತ್ತಿದೆ ಎಂದು ಕೆಳಗೆ ಬರೆದಿತ್ತು. ನನ್ನ ಫೋಟೋ ಬೇರೆ, ಹಸಿರು ಸೀರೆಯಲ್ಲಿ ಅಳುತ್ತಿರುವುದು. ಮಧ್ಯಾಹ್ನದ ಹೊತ್ತಿಗೆ ಎರಡು ಬಾಟಲಿ ಕಷಾಯ ಹೆಚ್ಚಿಗೆ ಬಂತು.

ಅವ್ವ ಪತ್ರಿಕೆ ಮಡಚಿಟ್ಟಳು. ‘ಬಾಯಿಲೆ ಕೆಡಿಸಿದ್ದನ್ನ ಪೇಪರಿನ್ಯಾಗ ಸರಿ ಮಾಡಾಕ ಆಗಂಗಿಲ್ಲ. ಯಾರು ಬ್ಯಾಡ ಅಂದ್ರೋ ಅವ್ರ ಮನಿಗೇ ಹೋಗು.’

ಮರುದಿನ ಬೆಳಿಗ್ಗೆ ಕಂಪ್ಲಿ ಬಸ್ಸು ಹತ್ತಿದೆ. ಅಪ್ಪನನ್ನೂ ಕರೆದೆ. ‘ನಾ ಬಂದು ಏನ್ ಮಾಡ್ಲಿ?’ ಎಂದವರು, ಬಸ್ ನಿಲ್ದಾಣಕ್ಕೆ ಕ್ಲಾರಿಯೋನೆಟ್ ಪೆಟ್ಟಿಗೆ ಹಿಡಿದೇ ಬಂದಿದ್ದರು. ದಾರಿಯುದ್ದಕ್ಕೂ ಇಬ್ಬರೂ ಗದ್ದೆಗಳ ಕಡೆ ನೋಡುತ್ತಾ ಕೂತೆವು. ಥರ್ಮಾಕೋಲ್ ಹಿಡಿದ ದಿನದಿಂದ ಅವರು ನನಗೆ ಒಂದು ಮಾತೂ ಅಂದಿರಲಿಲ್ಲ. ಅಂದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ.

ಅಕ್ಕಿ ಮಿಲ್ಲಿಗೆ ಹೊಂದಿಕೊಂಡ ದೊಡ್ಡ ಮನೆ. ಅಂಗಳದಲ್ಲಿ ಹಪ್ಪಳ, ಸಂಡಿಗೆ ಒಣಗಲು ಹಾಕಿದ್ದರು, ಮದುವೆಗೆ ಎಂಟೇ ದಿನ ಉಳಿದಿತ್ತು. ಮಿಲ್ಲಿನ ಯಜಮಾನರ ತಾಯಿ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಅಪ್ಪನನ್ನು ನೋಡಿದ್ದೇ, ‘ಅಯ್ಯಯ್ಯೋ, ಕುಂದ್ರಿ, ಕುಂದ್ರಿ! ಲೇ, ನೀರು ತರ್ರಿ, ಬಿಸೀದು!’ ಎಂದು ಒಳಗೆ ಕೂಗಿದರು.

‘ಅಮ್ಮಾರ, ಬಿಸಿ ನೀರು ಬ್ಯಾಡ್ರೀ’ ಎಂದೆ. ‘ನಮ್ಮಪ್ಪಗ ಏನೂ ಆಗಿಲ್ರೀ. ಟಿವ್ಯಾಗ ನಾನು ಸುಳ್ಳು ಹೇಳಿದ್ದೆ.’

‘ಪೇಪರಿನ್ಯಾಗ ಓದೀನವ್ವ’ ಎಂದರು ಮುದುಕಿ, ನನ್ನ ಗಲ್ಲ ಮುಟ್ಟಿ. ‘ನಿನ್ನಂಥ ಮಗಳು ಇರ್ಬೇಕು.’

‘ಅಯ್ಯೋ, ಅಲ್ರೀ ಅಮ್ಮಾರ! ಪೇಪರಿನವ್ರು ಹಂಗ ಬರ್ಕೊಂಡ್ರು. ನಾ ಸುಳ್ಳು ಹೇಳಿದ್ದು ಖರೇನ ಐತ್ರೀ. ಹೆಸರು ಬರ್ತೈತಿ, ವೋಟು ಬರ್ತಾವ ಅಂತ ಹೇಳಿದೆ. ತಮ್ಮಗ ಹಾಡು ಕಲಿಸಿದ್ದು ಇವ್ರ. ಇವ್ರ ಮುಂದ ಕುಂತು ಯಾರೂ ಕಲಿಸಿಲ್ಲ ಅಂದೆ. ಅಷ್ಟು ಕೆಟ್ಟಾಕಿ ನಾನು, ನಂಬ್ರೀ!’

ನನ್ನ ಕೆಟ್ಟತನವನ್ನು ಯಾರಾದರೂ ನಂಬಲಿ ಎಂದು ನಾನು ಅಷ್ಟು ಗೋಗರೆದದ್ದು ಜೀವನದಲ್ಲಿ ಅದೊಂದೇ ಸಲ. ಮುದುಕಿ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಅಪ್ಪ ಆಗಲೇ ಪೆಟ್ಟಿಗೆ ತೆರೆದು ಕ್ಲಾರಿಯೋನೆಟ್ ಜೋಡಿಸುತ್ತಿದ್ದರು. ಒಂದು ಸ್ವರ ಹಿಡಿದರು. ಮಿಲ್ಲಿನಿಂದ ಮೂಟೆ ಹೊತ್ತ ಹಮಾಲರು ಬಾಗಿಲಿಗೆ ಬಂದು ನಿಂತರು. ಮೂಟೆ ಇಳಿಸಬೇಕೋ ಬೇಡವೋ ತಿಳಿಯದೆ ಹೊತ್ತುಕೊಂಡೇ ನಿಂತರು. ಒಬ್ಬ ಕೊನೆಗೆ, ‘ಬಿಡ್ರೀ ಯಪ್ಪಾ, ನಮ್ಮ ಉಸಿರು ನಿಲ್ತೈತಿ!’ ಎಂದು ಕೂಗಿದ. ಅಪ್ಪ ಬಿಟ್ಟರು.

ಮುದುಕಿಯ ಮುಖ ಗಂಭೀರವಾಯಿತು. ಈಗ ನಂಬಿದರು. ನಂಬಿದ್ದಕ್ಕೆ ನನ್ನ ಮೇಲೆ ಸಿಟ್ಟೂ ಬಂತು.

‘ಹೆತ್ತ ಅಪ್ಪನ ಎದಿ ತಿನ್ನೋ ಮಾತು ಆಡಿದೀ ಹಂಗಾರ.’

‘ಹೌದ್ರೀ.’

‘ಇವ್ರು ಬರ್ಲಿ, ಊದ್ಲಿ. ಆದ್ರ ನಾಳೆ ಮದುವಿಗೆ ಬಂದೋರೆಲ್ಲಾ ರೋಗದಾತನ್ನ ಕರೆಸಿ ದುಡಿಸ್ತಾರ ಅಂತ ನನ್ನ ಬೈತಾರ. ಅವ್ರಿಗೆಲ್ಲಾ ಹೇಳ್ಕೊಂತ ನಾ ತಿರುಗಾಕ ಆಗಂಗಿಲ್ಲ. ನೀನ ಬರ್ಬೇಕು. ಯಾರ್ ಕೇಳ್ತಾರೋ ಅವ್ರಿಗೆ ನೀನ ಹೇಳ್ಬೇಕು. ಒಪ್ತೀಯೇನು?’

ಒಪ್ಪಿದೆ.

ಮದುವೆಯ ಬೆಳಿಗ್ಗೆ ಮದುಮಗನನ್ನು ಹನುಮಪ್ಪನ ಗುಡಿಗೆ ಕರೆದೊಯ್ಯುವ ಮೆರವಣಿಗೆ. ಅಪ್ಪ ಎಲ್ಲರಿಗಿಂತ ಮುಂದೆ. ನಾನು ಅವರ ಪಕ್ಕದಲ್ಲಿ, ಬ್ಯಾಂಡಿನವಳೂ ಅಲ್ಲ, ಬೀಗರ ಕಡೆಯವಳೂ ಅಲ್ಲ. ಕಂಪ್ಲಿಯ ಪ್ರತಿ ಬಾಗಿಲಲ್ಲೂ ಒಂದು ಹೆಂಗಸು ಇದ್ದಳು, ಪ್ರತಿ ಹೆಂಗಸಿಗೂ ಟಿವಿ ಇತ್ತು.

‘ಅಯ್ಯೋ, ಆ ಹುಡುಗನ ಅಪ್ಪ ಅಲ್ಲೇನು? ಇವ್ರನ್ನ ಯಾಕ ಊದಿಸ್ತಾರ?’

‘ಏನೂ ಆಗಿಲ್ರೀ! ನಾ ಸುಳ್ಳು ಹೇಳಿದ್ದೆ!’

‘ಏನು?’

ಪಕ್ಕದಲ್ಲೇ ಡ್ರಮ್ಮು. ‘ಸುಳ್ಳು! ನಾನು! ಹೇಳಿದ್ದೆ!’

‘ಯಾರು ಹೇಳಿದ್ದು?’

‘ನಾನು!’

ಮುಂದಿನ ಬಾಗಿಲು. ಮತ್ತೆ ಮೊದಲಿನಿಂದ. ಕೆಲವರು ನಕ್ಕರು, ಕೆಲವರು ಛೀ ಎಂದರು, ಒಬ್ಬಾಕೆ ‘ಮುಖ ನೋಡಿದ್ರ ಹಂಗ ಅನಿಸಂಗಿಲ್ಲ’ ಎಂದಳು. ಮಾಳಿಗೆಯ ಮೇಲಿನಿಂದ ಬಗ್ಗಿದ ಒಬ್ಬ ಹುಡುಗಿ, ‘ಹಂಗಾರ ಆತಗ ಹಾಡು ಕಲಿಸಿದ್ದು ಯಾರು?’ ಎಂದು ಕೇಳಿದಳು. ಎರಡೂ ಕೈ ಎತ್ತಿ ಅಪ್ಪನನ್ನು ತೋರಿಸಿದೆ. ಅಪ್ಪ ಊದುತ್ತಲೇ ಕಣ್ಣು ಮೇಲೆತ್ತಿ ಆ ಹುಡುಗಿಯನ್ನು ನೋಡಿದರು. ಆ ಸಾಲನ್ನು ಇನ್ನೊಂದು ಸಲ ಊದಿದರು, ಬೇಕಿರಲಿಲ್ಲ.

ಗುಡಿ ಮುಟ್ಟುವ ಹೊತ್ತಿಗೆ ನನ್ನ ಗಂಟಲು ಕಟ್ಟಿ ದನಿಯೇ ಬರುತ್ತಿರಲಿಲ್ಲ. ಮದುಮಗ ಒಳಗೆ ಹೋದ, ಬ್ಯಾಂಡು ನಿಂತಿತು. ಅಪ್ಪ ಯಾರ ಕೈಯಿಂದಲೋ ನೀರಿನ ತಂಬಿಗೆ ತೆಗೆದುಕೊಂಡು ಬಂದು ನನ್ನ ಮುಂದೆ ಹಿಡಿದರು.

‘ಕುಡಿ. ತಿರುಗಿ ಹೋಗೋದು ಬ್ಯಾರೆ ಓಣಿ.’

ಕುಡಿದೆ. ಅಪ್ಪ ಕ್ಲಾರಿಯೋನೆಟ್ ಒರೆಸಿಕೊಂಡು ಮುಂದೆ ಹೋಗಿ ನಿಂತರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ.